ಮಳೆ ಹಿಡಿದ ವಾರದ ಓದು

ಕೊರೋನಾ ಕಾಲದ ಮಾತು ತೆಗೆದರೆ ಜನ ಈಗ ಬೇರೆ ವಿಷಯಕ್ಕೆ ಹೊರಳುತ್ತಾರೆ. ನನಗೂ ಆ ಕಾಲದ್ದು ಬಹಳಷ್ಟು ಮರೆತುಹೋಗಿದೆ. ಮರೆಯದೆ ಉಳಿದಿರುವುದು ಒಂದು ಮಳೆಯ ವಾರ. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು "ಮಕ್ಕಳಿಗೆ ಓದೋಕೇ ಬರಲ್ಲ ಮೇಡಂ, ಎಲ್ಲಿಂದ ಶುರು ಮಾಡೋದು" ಅಂತ ಕೇಳಿದಾಗಲೆಲ್ಲ ನಾನು ಹೇಳುವುದು ಅದನ್ನೇ. ಸ್ವಲ್ಪ ಉದ್ದದ ಕಥೆ, ಕಾಫಿ ಇಟ್ಟುಕೊಂಡು ಕೇಳಬೇಕು.

ನಾನಿದ್ದ ಶಾಲೆ ಕತ್ರಿಗುಪ್ಪೆಯಲ್ಲಿ, ಹಳೇ ಊರಿನ ಕಡೆ. ರಿಂಗ್ ರೋಡಿನಲ್ಲಿ ಬಸ್ಸಿನಿಂದ ನೋಡುವವರಿಗೆ ಕತ್ರಿಗುಪ್ಪೆ ಅಂದರೆ ಅಂಗಡಿ ಸಾಲು, ಹೋಟೆಲು, ಟ್ರಾಫಿಕ್ಕು. ಅದರ ಬೆನ್ನಿಗೇ ಒಂದು ಹಳ್ಳಿ ಇತ್ತು, ಬನಶಂಕರಿ ಮೂರನೇ ಹಂತ ಅದನ್ನು ನುಂಗಿತು ಅನ್ನುವುದು ಒಳಗಿನ ಗಲ್ಲಿಗಳಿಗೆ ಹೊಕ್ಕರೆ ಮಾತ್ರ ಗೊತ್ತಾಗುತ್ತದೆ. ಪಕ್ಕದಲ್ಲೇ ಚೆನ್ನಮ್ಮನಕೆರೆ ಅಚ್ಚುಕಟ್ಟು. ಅಚ್ಚುಕಟ್ಟು ಎಂಬ ಹೆಸರು ಉಳಿದಿದೆ, ನೀರುಂಡ ಗದ್ದೆ ಎಲ್ಲಿತ್ತೋ ಹೇಳುವವರಿಲ್ಲ. ಇತ್ತ ಇಟ್ಟಮಡು, ಅತ್ತ ಹೊಸಕೆರೆಹಳ್ಳಿ. ನಮ್ಮ ಮಕ್ಕಳು ಈ ಎಲ್ಲ ಕಡೆಯಿಂದ ಬರುತ್ತಿದ್ದರು. ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವ ತಾಯಂದಿರ ಮಕ್ಕಳು, ಆಟೋ ಓಡಿಸುವವರ ಮಕ್ಕಳು, ಮೇಲೇಳುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಇರುವ ಯಾದಗಿರಿ, ರಾಯಚೂರು ಕಡೆಯ ಗಾರೆ ಕೆಲಸದವರ ಮಕ್ಕಳು. ಮನೆಯಲ್ಲಿ ತಮಿಳು ಆಡುವವರು, ಉರ್ದು ಆಡುವವರು, ತೆಲುಗು ಆಡುವವರು. ಎಲ್ಲರ ಮುಂದೆ ಇಡುತ್ತಿದ್ದುದು ಒಂದೇ ಕನ್ನಡ ಪಠ್ಯಪುಸ್ತಕ.

2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಯ ಬಾಗಿಲು ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ 'ವಿದ್ಯಾಗಮ' ಅಂತ ನಾವು ಟೀಚರುಗಳು ಗುಡಿ ಕಟ್ಟೆ, ಮರದ ನೆರಳು ಅಂತ ಮಕ್ಕಳಿದ್ದಲ್ಲಿಗೇ ಹೋಗಿದ್ದುಂಟು, ಅದೂ ಕೆಲವು ತಿಂಗಳಿಗೇ ನಿಂತಿತು. ನನಗೆ ಬಂದದ್ದು ನಾಲ್ಕನೇ ತರಗತಿ. ಲೆಕ್ಕ ಹಾಕಿ ನೋಡಿ: ಈ ಮಕ್ಕಳು ಕೊನೆಯ ಸಲ ತರಗತಿಯಲ್ಲಿ ಕೂತಿದ್ದಾಗ ಎರಡನೇ ತರಗತಿ. ಆಗ ಅವರು ನಲಿ-ಕಲಿ ಮಕ್ಕಳು, ಅಂದರೆ ಮೂರನೇ ತರಗತಿಯವರೆಗೆ ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಸರ್ಕಾರಿ ಶಾಲೆಯ ಪದ್ಧತಿಯವರು. 'ರ ಗ ಸ ದ ಅ' ಅಂತ ಶುರುವಾಗಿ 'ಜ ವ ಮ ಬ ನ' ಅಂತ ಮುಂದಕ್ಕೆ ಹೋಗುವ ಏಣಿಯ ನಡುಮೆಟ್ಟಿಲಲ್ಲಿ ಇದ್ದವರು. ಮೂರನೇ ತರಗತಿ ಇಡೀ ವರ್ಷ ಮೊಬೈಲಿನಲ್ಲೋ ಬೀದಿಯಲ್ಲೋ ಕರಗಿಹೋಗಿತ್ತು. ಮರಳಿ ಬಂದಾಗ ಏಣಿಯೂ ಇಲ್ಲ, ಕಾರ್ಡೂ ಇಲ್ಲ; ಸಾಲು ಬೆಂಚು, ಕರಿಹಲಗೆ, ಪುಟ ತುಂಬ ಅಕ್ಷರ ಇರುವ ಪುಸ್ತಕ. ಜೊತೆಗೆ ಖಾಸಗಿ ಶಾಲೆಯ ಫೀಸು ಕಟ್ಟಲಾಗದೆ ನಮ್ಮಲ್ಲಿಗೆ ಬಂದ ಒಂದಿಷ್ಟು ಮಕ್ಕಳು. ಅವರಿಗೆ ಎಬಿಸಿಡಿ ಬರುತ್ತಿತ್ತು, ಕನ್ನಡದ ಕಾಗುಣಿತ ಬರುತ್ತಿರಲಿಲ್ಲ.

ಶುರುವಿನಲ್ಲಿ ಓದಿಸಿದ್ದು ಎಲ್ಲರೂ ಓದಿಸುವ ಹಾಗೆಯೇ. ನಾನೊಂದು ಸಾಲು ಹೇಳುವುದು, ತರಗತಿಗೆ ತರಗತಿಯೇ ಅದನ್ನು ಕೂಗುವುದು. ಆ ಕೂಗು ಕೇಳಲು ಹಿತವಾಗಿರುತ್ತದೆ. ವರಾಂಡದಲ್ಲಿ ಹೋಗುವ ಎಚ್.ಎಂ. ಮೇಡಂಗೂ ಪಾಠ ನಡೆಯುತ್ತಿದೆ ಅಂತ ಸಮಾಧಾನ. ಈ ಪದ್ಧತಿಯನ್ನು ಹಳಿಯಲು ನಾನು ಸಿದ್ಧಳಿಲ್ಲ. ನಮ್ಮ ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠವಿದೆ, ಪೇಜಾವರದ ವಿಶ್ವೇಶತೀರ್ಥರು ಕಟ್ಟಿದ್ದು. ಅಂಥಲ್ಲಿ ಗುರು ಹೇಳಿಕೊಟ್ಟದ್ದನ್ನು ಶಿಷ್ಯ ಹಾಗೆಯೇ ತಿರುಗಿ ಹೇಳುವ ಸಂಥೆ ಎಂಬ ಕ್ರಮ ನಡೆದುಬಂದಿದೆ. ಅಲ್ಲಿ ಉದ್ದೇಶವೇ ಅದು: ಸ್ವರ ತಪ್ಪದೆ ಕಿವಿಯಿಂದ ನಾಲಿಗೆಗೆ ಇಳಿಯಬೇಕು, ಪುಸ್ತಕ ಇಲ್ಲದಿದ್ದರೂ ಉಳಿಯಬೇಕು. ಅದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ನಾಲ್ಕನೇ ತರಗತಿಯ ಮಗುವಿಗೆ ನಾನು ಕಲಿಸಬೇಕಿದ್ದುದು ನಾನು ಬಾಯಿ ಬಿಡುವುದಕ್ಕೆ ಮುಂಚೆಯೇ ಆ ಸಾಲನ್ನು ತಾನೇ ಬಿಡಿಸಿಕೊಳ್ಳುವುದನ್ನು. ಕೂಗಿನಲ್ಲಿ ಯಾರು ಓದುತ್ತಿದ್ದಾರೆ, ಯಾರು ಪಕ್ಕದವಳ ದನಿಯ ಬೆನ್ನು ಹತ್ತಿದ್ದಾರೆ ಅನ್ನುವುದು ತಿಳಿಯುವುದಿಲ್ಲ. ಸಾಲದ್ದಕ್ಕೆ ಆಗ ಎಲ್ಲರ ಮುಖಕ್ಕೂ ಮಾಸ್ಕು. ತುಟಿಯೂ ಕಾಣುತ್ತಿರಲಿಲ್ಲ.

ನವೆಂಬರ್ ಎರಡನೇ ವಾರ ಮಳೆ ಹಿಡಿಯಿತು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರು. ನಮ್ಮೂರಿನ ಸಂಜೆ ಮಳೆಯಂತೆ ಒಮ್ಮೆ ಸುರಿದು ಬಿಡುವ ಜಾತಿಯದಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಜಿಟಿಜಿಟಿ, ಊಟಿಯ ಚಳಿ. ಮಕ್ಕಳನ್ನು ಕಳಿಸಲು ಅಪ್ಪ ಅಮ್ಮಂದಿರಿಗೆ ಮೊದಲೇ ಹೆದರಿಕೆ. ನೆಗಡಿಯಾದರೆ ಏನೆನ್ನುತ್ತಾರೋ ಅಂತ. ತರಗತಿಯಲ್ಲಿ ಬೆರಳೆಣಿಕೆಯ ಮಕ್ಕಳು. ಕರೆಂಟೂ ಇಲ್ಲ, ಒಳಗೆ ಕತ್ತಲು. ವರಾಂಡಕ್ಕೆ ಎರಡು ಚಾಪೆ ಹಾಕಿ, ಬೆಳಕಿಗೆ ಮುಖ ಮಾಡಿ ಕೂತೆವು. ಹೊಸ ಪಾಠ ಮಾಡುವಂತಿಲ್ಲ, ಬಾರದವರಿಗೆ ತಪ್ಪಿಹೋಗುತ್ತದೆ. "ಒಬ್ಬೊಬ್ಬರೇ ನನ್ನ ಪಕ್ಕ ಬಂದು ಓದಿ, ಉಳಿದವರು ಚಿತ್ರ ಬರೀರಿ" ಅಂದೆ. ಹೊತ್ತು ಕಳೆಯಲು ಮಾಡಿದ ಏರ್ಪಾಟು, ಅಷ್ಟೇ.

ಮೊದಲು ಕೂತವಳು ಕೂಗುವಾಗ ಎಲ್ಲರಿಗಿಂತ ಗಟ್ಟಿಯಾಗಿ ಕೂಗುವ ಹುಡುಗಿ. ಅವಳ ದನಿಯ ಮೇಲೆಯೇ ಇಡೀ ತರಗತಿ ಸವಾರಿ ಮಾಡುತ್ತಿತ್ತು ಅಂತ ನಾನು ತಿಳಿದಿದ್ದೆ. ಓದಿಸದೇ ಬಿಟ್ಟಿದ್ದ ಪಾಠದ ಪುಟ ತೆಗೆದುಕೊಟ್ಟೆ. ಅವಳು 'ಅಜ್ಜಿ' ಎಂಬಲ್ಲಿ 'ಅಜಜಿ' ಅಂದಳು. 'ಹಣ್ಣು' ಬಂದಾಗ 'ಹಣಣು'. ಒತ್ತಕ್ಷರ ಅವಳ ಕಣ್ಣಿಗೆ ಕೆಳಗೆ ಬಿದ್ದಿದ್ದ ಇನ್ನೊಂದು ಅಕ್ಷರ, ಮೇಲಿನದರ ಜೊತೆ ಅದಕ್ಕೆ ಸಂಬಂಧವೇ ಇರಲಿಲ್ಲ. ಮುಂದಿನವನು ಇಟ್ಟಮಡುವಿನ ಹುಡುಗ, ಮಾತಿಗೆ ಮುಂಚೆ ನಾಚಿಕೊಳ್ಳುವವನು. ಪ್ರತಿ ಅಕ್ಷರವನ್ನೂ ಸರಿಯಾಗಿ ಹೇಳಿದ, ಒಂದೊಂದಾಗಿ, ನಡುವೆ ಉಸಿರು ತೆಗೆದುಕೊಂಡು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂದು ಅವನಿಗೇ ಮರೆತಿತ್ತು. ಮತ್ತೊಬ್ಬಳು ಗಡಗಡನೆ ಓದಿ ಮುಗಿಸಿದಳು, ಒಂದೂ ಎಡವಲಿಲ್ಲ. "ಏನಾಯ್ತಮ್ಮ ಕಥೇಲಿ?" ಅಂದೆ. ನನ್ನ ಮುಖವನ್ನೇ ನೋಡಿದಳು. ಪ್ರಶ್ನೆ ಕೇಳಿಸಲಿಲ್ಲವೇನೋ ಅಂತ ಮತ್ತೆ ಕೇಳಿದೆ. ಓದುವುದೂ ಕಥೆಯೂ ಎರಡು ಬೇರೆ ಸಂಗತಿ ಅಂತಲೇ ಅವಳು ಅಂದುಕೊಂಡಿದ್ದಳು.

ನೋಡಿ, ಮೂವರಿಗೂ 'ಓದಲು ಬರುವುದಿಲ್ಲ'. ಮೂವರಿಗೂ ಬಾರದಿರುವುದು ಬೇರೆ ಬೇರೆ. ಒಂದೇ ಪಾಠವನ್ನು ಇನ್ನೂ ಜೋರಾಗಿ ಹೇಳಿಕೊಟ್ಟರೆ ಮೂವರಲ್ಲಿ ಯಾರಿಗೂ ಉಪಯೋಗವಿಲ್ಲ.

ಮಳೆ ಆ ವಾರವಿಡೀ ಬಿಡಲಿಲ್ಲ, ನಾನೂ ಓದಿಸುವುದು ಬಿಡಲಿಲ್ಲ. ಹಾಜರಿ ಪುಸ್ತಕದ ಪಕ್ಕ ಇನ್ನೊಂದು ನೋಟ್‌ಬುಕ್ ಇಟ್ಟೆ. ಮಗು ಸರಿಯಾಗಿ ಓದಿದ ಪದಕ್ಕೆ ಒಂದು ಗೀಟು, ತಪ್ಪಿದ್ದರೆ ಅದು ಹೇಗೆ ಓದಿತೋ ಹಾಗೆಯೇ ಬರೆಯುವುದು, ತಾನೇ ತಿದ್ದಿಕೊಂಡರೆ ಪಕ್ಕದಲ್ಲೊಂದು ಸೊನ್ನೆ. ಇದು ನನ್ನ ಬುದ್ಧಿಯಲ್ಲ. ನ್ಯೂಜಿಲೆಂಡಿನ ಮೇರಿ ಕ್ಲೇ ಎಂಬ ವಿದ್ವಾಂಸೆ ತೋರಿಸಿಕೊಟ್ಟ ದಾರಿ ಅಂತ ಯಾವುದೋ ತರಬೇತಿಯಲ್ಲಿ ಕೇಳಿದ್ದೆ. 'ರನ್ನಿಂಗ್ ರೆಕಾರ್ಡ್' ಅನ್ನುತ್ತಾರೆ. ಅವರ ಹಾದಿಯಲ್ಲಿ ನಡೆದವರು ಇಟ್ಟುಕೊಂಡ ಒಂದು ಅಂದಾಜೂ ಇದೆ. ನೂರು ಪದದಲ್ಲಿ 95ಕ್ಕಿಂತ ಹೆಚ್ಚು ಸರಿ ಬಂದರೆ ಆ ಪುಸ್ತಕ ಮಗುವಿಗೆ ಸಲೀಸು, ಒಂಟಿಯಾಗಿ ಓದಲಿ. 90ರಿಂದ 95ರ ನಡುವೆ ಇದ್ದರೆ ಟೀಚರ್ ಪಕ್ಕ ಕೂತು ಓದಿಸಲು ಅದೇ ತಕ್ಕದ್ದು. ಅದಕ್ಕೂ ಕೆಳಗಿಳಿದರೆ ಪುಸ್ತಕ ಬದಲಿಸಿ. ಸಣ್ಣ ಗುಂಪು ಮಾಡಿ, ಸುಮಾರು ಒಂದೇ ಹಂತದ ಮಕ್ಕಳಿಗೆ ಇಂಥ ತಕ್ಕ ಪುಸ್ತಕ ಕೊಟ್ಟು, ಪ್ರತಿಯೊಬ್ಬರೂ ತಾವೇ ಓದುವಾಗ ಟೀಚರ್ ಕಿವಿಗೊಡುವುದಕ್ಕೆ ಗೈಡೆಡ್ ರೀಡಿಂಗ್ ಅನ್ನುತ್ತಾರೆ. ಅಮೆರಿಕದ ಐರೀನ್ ಫೌಂಟಾಸ್ ಮತ್ತು ಗೇ ಸು ಪಿನ್ನೆಲ್ 1996ರಲ್ಲಿ ಅದರ ಮೇಲೆ ಪುಸ್ತಕ ಬರೆದ ಮೇಲೆ ಅದು ಜಗತ್ತೆಲ್ಲ ಹರಡಿತು.

ಆದರೆ ಕನ್ನಡದ ಮಗುವಿಗೆ ತಕ್ಕ ಪುಸ್ತಕ ಯಾವುದು? ಇಲ್ಲೇ ನಾನು ಸಿಕ್ಕಿಕೊಂಡದ್ದು. ಶಾಲೆಯ ಬೀರುವಿನಲ್ಲಿ ಪುಸ್ತಕಗಳಿದ್ದವು. ಬೆಂಗಳೂರಿನ ಪುಣ್ಯ, ಮಕ್ಕಳ ಪುಸ್ತಕಕ್ಕೆ ಇಲ್ಲಿ ಬಡತನವಿಲ್ಲ. 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ನಮ್ಮೂರಿನದೇ. ಅವರ ಪುಸ್ತಕಗಳ ಮೇಲೆ ಒಂದರಿಂದ ನಾಲ್ಕರವರೆಗೆ ಹಂತ ಗುರುತು ಹಾಕಿರುತ್ತಾರೆ, 2015ರಿಂದ ಸ್ಟೋರಿವೀವರ್ ಜಾಲತಾಣದಲ್ಲಿ ಪುಕ್ಕಟೆಯಾಗಿಯೂ ಸಿಗುತ್ತವೆ. ಹಿಪ್ಪೊಕ್ಯಾಂಪಸ್ ಎಂಬ ಮಕ್ಕಳ ಗ್ರಂಥಾಲಯದವರದು ಬಣ್ಣದ ಲೆಕ್ಕ: ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ. ಮೊದಲ ಹಂತದ ಪುಸ್ತಕ ತೆಗೆದು ಆ 'ಅಜಜಿ' ಹುಡುಗಿಗೆ ಕೊಟ್ಟೆ. ಪುಟಕ್ಕೆ ಒಂದು ಸಾಲು, ಸಾಲಿಗೆ ಮೂರು ನಾಲ್ಕು ಪದ. ಆದರೂ ಎಡವಿದಳು. ಯಾಕೆಂದು ನೋಡಿದರೆ ಆ ಸಾಲಿನಲ್ಲಿ ಅಮ್ಮ ಇದ್ದಳು.

ನಗಬೇಡಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಮ್ಮ, ದೊಡ್ಡಪ್ಪ. ಒತ್ತಕ್ಷರ ಇಲ್ಲದೆ ಕನ್ನಡದಲ್ಲಿ ಮನೆಯವರನ್ನು ಕರೆಯುವುದೇ ಕಷ್ಟ. ತಮ್ಮ ತಂಗಿಯರೂ ಬಿಟ್ಟಿಲ್ಲ. ಒಬ್ಬನಿಗೆ ಒತ್ತು, ಒಬ್ಬಳಿಗೆ ಸೊನ್ನೆ. ಇನ್ನು ಕ್ರಿಯಾಪದ. ಬಂದಳು ಅಂದರೆ ಬಚಾವು, ಇದ್ದಳು ಅಂದರೆ ಒತ್ತು. ಹೋಗುತ್ತಾನೆ, ತಿನ್ನುತ್ತಾಳೆ, ಓಡುತ್ತಿದೆ, ಎಲ್ಲಕ್ಕೂ ಒತ್ತು. ಸಣ್ಣ ಮಗುವಿನ ಸಣ್ಣ ಪುಸ್ತಕದಲ್ಲಿ ಇರುವುದಾದರೂ ಇವೇ ತಾನೆ, ಮನೆಯವರು ಮತ್ತು ಅವರು ಮಾಡುವ ಕೆಲಸ? ಕಲಿಕೆಯ ಏಣಿಯಲ್ಲಿ ಒತ್ತಕ್ಷರ ಬರುವುದು ಮೇಲಿನ ಮೆಟ್ಟಿಲಿನಲ್ಲಿ, ಪುಸ್ತಕದಲ್ಲಿ ಬರುವುದು ಮೊದಲ ಸಾಲಿನಲ್ಲಿ. ಪದ ಎಣಿಸಿ, ಸಾಲಿನ ಉದ್ದ ಅಳೆದು ಹಂತ ಹಾಕುವವರ ಕಣ್ಣಿಗೆ ಇದು ಬೀಳುವುದು ಕಷ್ಟ.

ಇಂಗ್ಲಿಷಿನ ಮಗು 26 ಅಕ್ಷರದ ಗುರುತು ಹಿಡಿದು, ಆಮೇಲೆ ಅವುಗಳ ವಿಚಿತ್ರ ಉಚ್ಚಾರದ ಜೊತೆ ವರ್ಷಗಟ್ಟಲೆ ಗುದ್ದಾಡುತ್ತದೆ. ನಮ್ಮಲ್ಲಿ ಬರೆದ ಹಾಗೆಯೇ ಓದು, ಅದೊಂದು ದೊಡ್ಡ ಸೌಕರ್ಯ. ಆದರೆ ಗುರುತು ಹಿಡಿಯಬೇಕಾದ್ದು ಎಷ್ಟು? ವರ್ಣಮಾಲೆಯಲ್ಲಿ 49. 34 ವ್ಯಂಜನಕ್ಕೆ ಕಾಗುಣಿತ ಸೇರಿದರೆ 400 ದಾಟುತ್ತದೆ. ಅದರ ಮೇಲೆ ಒತ್ತು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳ ಮೇಲೆಯೇ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಅಕ್ಷರ ಕಲಿಕೆ ನಮ್ಮಲ್ಲಿ ಒಂದು ಎರಡನೇ ತರಗತಿಗೆ ಮುಗಿಯುವುದಿಲ್ಲ, ಅದರಾಚೆಗೂ ನಿಧಾನವಾಗಿ ಸಾಗುತ್ತಲೇ ಇರುತ್ತದೆ ಅನ್ನುವುದು ಅದರ ತಿರುಳು. ಅದನ್ನು ನಾನು ಓದಿದ್ದು ಬಹಳ ಆಮೇಲೆ. ಓದಿದಾಗ ನನಗೆ ಆದದ್ದು ಆಶ್ಚರ್ಯವಲ್ಲ, ಸಮಾಧಾನ. ನಾಲ್ಕನೇ ತರಗತಿಯಲ್ಲಿ ಅಕ್ಷರ ಕಲಿಸುವುದು ಅವಮಾನ ಅನ್ನುವ ಭಾವನೆ ನಮ್ಮ ಸ್ಟಾಫ್ ರೂಮಿನಲ್ಲಿ ಇತ್ತು. ಅದು ಎಲ್ಲೆಲ್ಲೂ ಇದೆ.

ಹೀಗಾಗಿ ನಾನು ಬೀರು ಖಾಲಿ ಮಾಡಿ ಪುಸ್ತಕಗಳನ್ನು ನನ್ನದೇ ಲೆಕ್ಕದಲ್ಲಿ ವಿಂಗಡಿಸಿದೆ. ಅವರ ಹಂತದ ಗುರುತು ಹಾಗೇ ಇರಲಿ, ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ನನ್ನ ಗುರುತು. ಒತ್ತು ತೀರ ಕಡಿಮೆ ಇರುವವು ಒಂದು ಗುಡ್ಡೆ. ಅಮ್ಮ ಅಪ್ಪ ಥರದ ಸಜಾತಿ ಒತ್ತು ಇರುವವು ಇನ್ನೊಂದು. ಪುಸ್ತಕ, ಚಂದ್ರ, ಸ್ನೇಹ ಅಂತ ಬೇರೆ ಅಕ್ಷರ ಬಂದು ಕೂರುವ ವಿಜಾತಿ ಒತ್ತಿನವು ಮತ್ತೊಂದು. ಅರ್ಕಾವತ್ತಿನವು ಬೇರೆ, ಯಾಕೆಂದರೆ ಅದರಲ್ಲಿ ಶಬ್ದ ಮುಂದೆ, ಗುರುತು ಹಿಂದೆ. 'ಸೂರ್ಯ' ಅನ್ನುವುದನ್ನು ಎಷ್ಟೋ ಮಕ್ಕಳು 'ಸೂಯ್ರ' ಅಂತ ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಾರೆ. ಮೊದಲನೇ ಗುಡ್ಡೆಯಲ್ಲಿ ಪುಸ್ತಕಗಳು ಇಷ್ಟೇ ಇಷ್ಟು ಸಿಕ್ಕವು. ಆದ್ದರಿಂದ ನಾನೇ ಕೂತು ಸಣ್ಣ ಸಣ್ಣ ಕಥೆ ಬರೆದು ಜೆರಾಕ್ಸ್ ಮಾಡಿಸಿದೆ. ಒತ್ತಿಲ್ಲದೆ ಕನ್ನಡದಲ್ಲಿ ಕಥೆ ಬರೆದು ನೋಡಿ, ಗೊತ್ತಾಗುತ್ತದೆ. ಅಜ್ಜಿಯ ಬದಲು ಮುದುಕಿ, ಅಪ್ಪನ ಬದಲು ರೈತ. ಎಲ್ಲರೂ ಬಂದರು, ನೋಡಿದರು, ಓಡಿದರು. ಸಾಹಿತ್ಯ ಅನ್ನಿಸಿಕೊಳ್ಳುವಂಥದ್ದಲ್ಲ. ಮಕ್ಕಳು ಮಾತ್ರ ಮುಗಿಯುವವರೆಗೂ ಓದಿದರು, ಏಕೆಂದರೆ ಓದಲು ಆಗುತ್ತಿತ್ತು.

ಮಳೆ ಬಿಟ್ಟು ಮಕ್ಕಳೆಲ್ಲ ಮರಳಿದರು. ಚಾಪೆ ಎತ್ತಿಡಬೇಕೋ ಬೇಡವೋ ಎಂಬ ಪ್ರಶ್ನೆ ಬಂತು. ಎತ್ತಿಡಲಿಲ್ಲ.

ಆಗ ಕಡಲೆಕಾಯಿ ಪರಿಷೆ ಹತ್ತಿರವಾಗುತ್ತಿತ್ತು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಮುಂದೆ ನಡೆಯುವುದು. ನಮ್ಮ ಮಕ್ಕಳಿಗೆ ಅದು ದೀಪಾವಳಿಗಿಂತ ದೊಡ್ಡ ಹಬ್ಬ. ಎರಡನೇ ಗುಡ್ಡೆಯ ಮಕ್ಕಳಿಗೆ ನಾನು ಪರಿಷೆಯ ಕಥೆಯನ್ನೇ ಬರೆದೆ. ಸುಂಕೇನಹಳ್ಳಿ ಕಡೆಯ ರೈತರ ಕಡಲೆಕಾಯಿ ಹೊಲಕ್ಕೆ ನುಗ್ಗಿ ಬಸವ ಬೆಳೆ ತಿನ್ನುತ್ತಿತ್ತು, ಅದಕ್ಕೇ ಮೊದಲ ಬೆಳೆ ಅವನಿಗೆ ಅಂತ ಹರಕೆ ಹೊತ್ತರು ಎಂಬ ಐತಿಹ್ಯ ಇದೆಯಲ್ಲ, ಅದು. ಅದರಲ್ಲಿ ಒಬ್ಬಳು ಅಜ್ಜಿ, ಅವಳ ಸೆರಗಿನ ತುಂಬ ಕಡಲೆಕಾಯಿ. ಒಂದು ಸಾಲು ಹೀಗಿತ್ತು: ಅಜ್ಜಿ ಬಸವಣ್ಣನಿಗೆ ಕಡಲೆಕಾಯಿ ಕೊಡುತ್ತಾಳೆ.

ಚಾಪೆಯ ಮೇಲೆ ಐದು ಜನ. ಅವರಲ್ಲೊಬ್ಬ ಶೆಡ್ಡಿನ ಹುಡುಗ, ಯಾದಗಿರಿ ಕಡೆಯವನು. ಹಾಳೆ ಕೈಗೆ ಬಂದದ್ದೇ ಮೊದಲು ಚಿತ್ರ ನೋಡಿ ಆಮೇಲೆ ಓದಿದ: "ಆಯಿ ಬಸವಣಗ ಕಡಲೆಕಾಯಿ ಕೊಡ್ತಾಳ."

ಪಕ್ಕದ ಹುಡುಗಿ ತಡೆಯಲಾರದೆ, "ಮಿಸ್, ಎಲ್ಲಾ ತಪ್ಪು ಓದ್ದ!" ಅಂದಳು. ಮಿಕ್ಕವರು ನಕ್ಕರು.

ಅವನಿಗೆ ಸಿಟ್ಟು ಬಂತು. ಹಾಳೆಯ ಮೇಲೆ ಬೆರಳು ಒತ್ತಿ, "ಹಂಗೇ ಬರ್ದದರೀ ಟೀಚರ್" ಅಂದ.

"ನೀನು ಓದಮ್ಮ" ಅಂತ ಅವಳಿಗೇ ಹೇಳಿದೆ. ಅವಳು ಕಡ್ಡಿ ಮುರಿದ ಹಾಗೆ ಓದಿದಳು, ಒಂದಕ್ಷರವೂ ಆಚೀಚೆ ಇಲ್ಲ. "ಸರಿ. ಅಜ್ಜಿ ಯಾಕೆ ಕೊಡ್ತಾಳೆ?" ಅಂದೆ. ಅವಳು ಹಾಳೆ ನೋಡಿದಳು, ಮುಂದಿನ ಸಾಲು ನೋಡಿದಳು, ಸುಮ್ಮನಾದಳು.

ಹುಡುಗ ಅಂದ: "ಅಂವ ಹೊಲ ಮೇಯಬಾರದಂತರೀ. ಮೊದಲs ಕೊಟ್ಟಬಿಟ್ರ ಹೊಲಕ್ಕ ಬರಂಗಿಲ್ಲ. ನಮ್ಮೂರಾಗೂ ಹಂಗs ಮಾಡ್ತಾರ."

ನನ್ನ ನೋಟ್‌ಬುಕ್ಕಿನಲ್ಲಿ ಆ ಒಂದು ಸಾಲಿಗೆ ಅವನ ಹೆಸರಿನ ಮುಂದೆ ಮೂರು ತಪ್ಪು ಬಿದ್ದಿದ್ದವು. ಸಂಜೆ ಎಲ್ಲರೂ ಹೋದ ಮೇಲೆ ಅವನ್ನೇ ನೋಡುತ್ತ ಕೂತೆ. ಮೂರೂ ತಪ್ಪೇ? ಕೊಡ್ತಾಳ ಎಂಬುದು ತಪ್ಪಲ್ಲ. ಅವನು 'ಕೊಡುತ್ತಾಳೆ' ಅನ್ನುವುದನ್ನು ಕಣ್ಣಲ್ಲಿ ಓದಿ, ಅರ್ಥ ಮಾಡಿಕೊಂಡು, ತನ್ನ ಮನೆ ಮಾತಿನಲ್ಲಿ ಹೊರಗೆ ಬಿಟ್ಟಿದ್ದಾನೆ. ಬೆಂಗಳೂರಿನ ಹುಡುಗಿ 'ಕೊಡ್ತಾಳೆ' ಅಂದಿದ್ದರೆ ಯಾರಾದರೂ ನಗುತ್ತಿದ್ದರೇ? ನಾವು ಯಾರೂ ಪುಸ್ತಕದಂತೆ ಮಾತಾಡುವುದಿಲ್ಲ. ಅವನದು ಎರಡು ಹೆಜ್ಜೆ ದೂರದ ಮಾತು, ಅಷ್ಟೇ. ಅದನ್ನು ಗೀಟು ಹಾಕಿ ಸರಿ ಅಂದುಕೊಂಡೆ. 'ಬಸವಣಗ' ಬೇರೆ. ಅಲ್ಲಿ 'ಣ್ಣ' ಕಣ್ಣಿಗೆ ಬಿದ್ದಿಲ್ಲ. ಅದು ಅಕ್ಷರದ ಕೆಲಸ, ನಾಳೆ ಅಣ್ಣ, ಹಣ್ಣು, ಬಣ್ಣ, ಸುಣ್ಣ ಎಲ್ಲ ಒಟ್ಟಿಗೆ ತಂದು ಹಲಗೆ ಮೇಲೆ ಬರೆಯಬೇಕು.

ನನ್ನನ್ನು ಕಾಡಿದ್ದು 'ಆಯಿ'. ಅವರ ಕಡೆ ಅಜ್ಜಿಗೆ ಆಯಿ ಅಂತಾರೆ. ಅರ್ಥ ನೂರಕ್ಕೆ ನೂರು ಸರಿ. ಆದರೆ ಅವನು ಅಲ್ಲಿದ್ದ ಅಕ್ಷರ ಓದಿಯೇ ಇಲ್ಲ. ಚಿತ್ರದಲ್ಲಿ ಮುದುಕಿ ಕಂಡಳು, ಆಯಿ ಅಂದ. ಇದನ್ನೂ ಸರಿ ಅಂತ ಬಿಟ್ಟರೆ, ಚಿತ್ರವಿಲ್ಲದ ಪುಸ್ತಕ ಕೈಗೆ ಬಂದ ದಿನ ಅವನು ಏನು ಮಾಡುತ್ತಾನೆ? ಗೈಡೆಡ್ ರೀಡಿಂಗಿನ ಮೇಲೆ ಇಂಗ್ಲಿಷ್ ದೇಶಗಳಲ್ಲಿ ಎದ್ದಿರುವ ಜಗಳವೇ ಇದು ಅಂತ ಆಮೇಲೆ ತಿಳಿಯಿತು. ಗೊತ್ತಾಗದ ಪದ ಬಂದರೆ ಚಿತ್ರ ನೋಡು, ಮೊದಲಕ್ಷರ ನೋಡು, ಊಹಿಸು ಅಂತ ಮಕ್ಕಳಿಗೆ ಕಲಿಸಿದರು. ಊಹಿಸುವುದನ್ನೇ ಕಲಿತ ಮಕ್ಕಳು ಓದು ಕಲಿಯಲಿಲ್ಲ ಅಂತ ಎಮಿಲಿ ಹ್ಯಾನ್‌ಫರ್ಡ್ ಎಂಬ ಅಮೆರಿಕದ ಪತ್ರಕರ್ತೆ 2022ರಲ್ಲಿ ಪಾಡ್‌ಕಾಸ್ಟ್ ಸರಣಿಯನ್ನೇ ಮಾಡಿದರು. ಅಲ್ಲಿ ಎಷ್ಟೋ ಕಡೆ ಅದರಿಂದ ಪಾಠಕ್ರಮಗಳೇ ಅಲುಗಾಡಿದವು. ಕನ್ನಡದ ಟೀಚರಿಗೆ ಆ ಜಗಳದಲ್ಲಿ ಒಂದು ಪಕ್ಷ ಹಿಡಿಯುವ ಅಗತ್ಯವಿಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ಲಿಪಿಯಲ್ಲಿ ಊಹೆಗೆ ಕೆಲಸವೇ ಇಲ್ಲ, ಅಕ್ಷರ ಗೊತ್ತಿದ್ದರೆ ಪದ ಬಾಯಿಗೆ ಬಂದೇ ಬರುತ್ತದೆ. ಹಾಗಂತ ಅಕ್ಷರ ಗೊತ್ತಿದ್ದ ಮಾತ್ರಕ್ಕೆ ಅಜ್ಜಿ ಯಾಕೆ ಕಡಲೆಕಾಯಿ ಕೊಟ್ಟಳು ಅನ್ನುವುದು ಬರುವುದಿಲ್ಲ. ಆ ಹುಡುಗಿಯೇ ಸಾಕ್ಷಿ.

ಮಾರನೇ ದಿನ ಇಬ್ಬರನ್ನೂ ಜೋಡಿ ಮಾಡಿ ಕೂರಿಸಿದೆ. ಅವಳು ಅಕ್ಷರ ಕಾಯಬೇಕು, ಅವನು ಪ್ರತಿ ಪುಟಕ್ಕೆ ಒಂದು 'ಯಾಕೆ' ಕೇಳಬೇಕು. ಅವನು ಚಿತ್ರ ನೋಡಿ ಓದಿದರೆ ಅವಳು ಅಂಗೈಯಿಂದ ಚಿತ್ರ ಮುಚ್ಚುತ್ತಿದ್ದಳು, ನಾನು ಹೇಳಿಕೊಟ್ಟದ್ದಲ್ಲ, ಅವಳೇ ಕಂಡುಕೊಂಡದ್ದು. ಅವನು ಸೇಡು ತೀರಿಸಿಕೊಳ್ಳುವವನಂತೆ ಪ್ರಶ್ನೆ ಕೇಳುತ್ತಿದ್ದ. "ಮುದುಕಿಗೆ ರೊಕ್ಕ ಯಾರು ಕೊಟ್ರು? ಪುಸ್ತಕದಾಗ ಇಲ್ಲಲ್ಲ?" ಅವಳು ನನ್ನ ಕಡೆ ನೋಡುತ್ತಿದ್ದಳು. ಕಥೆ ಬರೆದವಳು ನಾನು, ನನ್ನಲ್ಲೂ ಉತ್ತರ ಇರಲಿಲ್ಲ.

ಇದನ್ನೆಲ್ಲ ಹೇಳಿದರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಐದು ಜನ ಚಾಪೆ ಮೇಲೆ ಕೂತರೆ ಮಿಕ್ಕವರು ಏನು ಮಾಡುತ್ತಾರೆ? ನ್ಯಾಯವಾದ ಪ್ರಶ್ನೆ. ಪುಸ್ತಕಗಳಲ್ಲಿ ಬರೆದಿರುವ ಗೈಡೆಡ್ ರೀಡಿಂಗ್ ಸೋಲುವುದು ಓದುವ ಗುಂಪಿನಲ್ಲಲ್ಲ, ಓದದೆ ಕಾಯುವ ಗುಂಪಿನಲ್ಲಿ. ಇದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇತ್ತು. 1995ರಲ್ಲಿ ಯುನಿಸೆಫ್ ನೆರವಿನಿಂದ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ನಲಿ-ಕಲಿ ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರ ಜೀವಾಳ ಗುಂಪುಗಳು. ಟೀಚರ ಪೂರ್ತಿ ಸಹಾಯ ಬೇಕಾದವರು ಒಂದು ಕಡೆ, ಅರ್ಧ ಸಹಾಯದವರು ಇನ್ನೊಂದು ಕಡೆ, ಗೆಳೆಯರ ಸಹಾಯದಿಂದ ಕಲಿಯುವವರ ಗುಂಪು, ತಾವೇ ಕಲಿಯುವವರದು ಕೊನೆಗೆ. ಟೀಚರ್ ನೆಲದ ಮೇಲೆ ಕೂರುವುದು ಮೊದಲ ಗುಂಪಿನಲ್ಲಿ. ಇದು ಗೈಡೆಡ್ ರೀಡಿಂಗ್ ಅಲ್ಲದೆ ಇನ್ನೇನು? ಮೂರನೇ ತರಗತಿಗೆ ಅದು ಮುಗಿದು, ನಾಲ್ಕಕ್ಕೆ ಬಂದ ಮಗು ಇದ್ದಕ್ಕಿದ್ದಂತೆ ಸಾಲು ಬೆಂಚಿನಲ್ಲಿ ಕೂತು ಎಲ್ಲರ ಜೊತೆ ಒಂದೇ ಪುಟ ತೆರೆಯಬೇಕು. ಒತ್ತಕ್ಷರ ಇನ್ನೂ ಗಟ್ಟಿಯಾಗುವ ವಯಸ್ಸಿನಲ್ಲೇ ಏಣಿ ತೆಗೆದುಬಿಡುವುದು ಯಾವ ನ್ಯಾಯ ಅಂತ ನನಗೆ ಈಗಲೂ ಅರ್ಥವಾಗಿಲ್ಲ.

ಹಾಗಾಗಿ ನಾಲ್ಕನೇ ತರಗತಿಯಲ್ಲೂ ಗುಂಪು ಮಾಡಿದೆ. ಮಕ್ಕಳಿಗೆ ಹೊಸದೇನೂ ಅನ್ನಿಸಲಿಲ್ಲ, ಅವರಿಗೆ ಎರಡು ವರ್ಷದ ಹಿಂದಿನ ಅಭ್ಯಾಸ. ಜೋಡಿ ಓದುವವರು, ಓದಿದ್ದನ್ನು ಬರೆಯುವವರು, ಬೀರುವಿನಿಂದ ಆರಿಸಿಕೊಂಡು ಸುಮ್ಮನೆ ಓದುವವರು. ಕಷ್ಟ ಇರಲಿಲ್ಲ ಅಂತಲ್ಲ. ಸುಮ್ಮನೆ ಓದುವ ಗುಂಪು ಎಂದೂ ಸುಮ್ಮನೆ ಓದಲಿಲ್ಲ. ಮೊದಲ ಗುಂಪು ಮೊದಲನೇ ದೋಸೆಯ ಹಾಗೆ, ದಿನಾ ಕಾವಲಿಗೆ ಅಂಟುತ್ತಿತ್ತು. ಎರಡನೆಯದಕ್ಕೆ ಬರುವ ಹೊತ್ತಿಗೆ ಬೆಲ್ಲು. ಒಬ್ಬಳು ಹುಡುಗಿ ವರ್ಷದ ಕೊನೆಯವರೆಗೂ ಮೊದಲನೇ ಗುಡ್ಡೆಯನ್ನು ದಾಟಲಿಲ್ಲ. ಅವಳಿಗೆ ಬೇಕಿದ್ದುದು ಕನ್ನಡಕವೋ, ಬೇರೆ ಪರೀಕ್ಷೆಯೋ, ಮನೆಯಲ್ಲಿ ಸ್ವಲ್ಪ ನಿದ್ದೆಯೋ, ಚಾಪೆಯಿಂದ ಆಗುವ ಕೆಲಸ ಅದಲ್ಲ. ಯಾದಗಿರಿಯ ಹುಡುಗ ಫೆಬ್ರವರಿಯಲ್ಲಿ ಹೊರಟುಹೋದ; ಕಟ್ಟಡ ಮುಗಿಯಿತು, ಶೆಡ್ಡು ಕಿತ್ತರು. ಅವನು ಓದಿದ ಹಾಳೆಗಳನ್ನು ನಕಲು ಮಾಡಿ, ಯಾವ ಒತ್ತು ಬರುತ್ತದೆ ಯಾವುದು ಬರುವುದಿಲ್ಲ ಅಂತ ಪಟ್ಟಿ ಬರೆದು, ಟಿ.ಸಿ. ಜೊತೆ ಅವರಪ್ಪನ ಕೈಗೆ ಕೊಟ್ಟೆ. "ಮುಂದಿನ ಶಾಲೆ ಟೀಚರಿಗೆ ಕೊಡಿ" ಅಂದೆ. "ಕೊಡ್ತೀನ್ರೀ ಮೇಡಂ" ಅಂದರು.

ಆ ಬ್ಯಾಚು ಐದನೇ ತರಗತಿಗೆ ಹೋಯಿತು. ಆ ವರ್ಷ ಸರ್ಕಾರವೇ ತಪ್ಪಿಹೋದ ಕಲಿಕೆ ತುಂಬಿಸಲು 'ಕಲಿಕಾ ಚೇತರಿಕೆ' ಅಂತ ಕಾರ್ಯಕ್ರಮ ತಂದದ್ದರಿಂದ ನಮ್ಮಂಥವರಿಗೆ ಸ್ವಲ್ಪ ಉಸಿರಾಡುವಂತಾಗಿತ್ತು. ಆಗಸ್ಟಿನಲ್ಲಿ ಒಂದು ದಿನ ಐದನೇ ತರಗತಿಯ ಮೇಡಂ ಸ್ಟಾಫ್ ರೂಮಿಗೆ ಬಂದವರೇ, "ಏನ್ ಕಲಿಸಿದೀರ ರೀ ಈ ಮಕ್ಕಳಿಗೆ? ಒಂದು ಪಾಠ ಮುಗಿಸೋಕೆ ಬಿಡಲ್ಲ. ಅರ್ಧ ಪುಟಕ್ಕೆ ನಿಲ್ಲಿಸಿ ಯಾಕೆ ಅಂತಾರೆ. ಇನ್ನೊಬ್ಬಳು ಪಕ್ಕದವನ ಪುಸ್ತಕದ ಚಿತ್ರ ಕೈಯಲ್ಲಿ ಮುಚ್ಚುತಾಳೆ" ಅಂತ ರೇಗಿದರು.

"ಹಾಗಾದ್ರೆ ನೀವೂ ನಿಲ್ಲಿಸಿ ಕೇಳಿ" ಅಂದೆ. ಅವರಿಗೆ ಕೋಪ ಬಂತು, ಎರಡು ದಿನ ಮಾತಾಡಲಿಲ್ಲ. ಸಿಲಬಸ್ ಮುಗಿಸುವ ಭಯ ಅವರಿಗಿದ್ದದ್ದು ಸುಳ್ಳಲ್ಲ. ಪರೀಕ್ಷೆಯಲ್ಲಿ 'ಯಾಕೆ'ಗೆ ಅಂಕ ಕೊಡುವವರು ಯಾರು?

ದಸರಾ ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ, ಬಿಸಿಯೂಟದ ಗಲಾಟೆ ನಡುವೆ, ಅವರೇ ಬಂದು ಪಕ್ಕದಲ್ಲಿ ನಿಂತು ಕೇಳಿದರು: "ನಿಮ್ಮ ಚಾಪೆ ಎಲ್ಲಿ ತಗೊಂಡ್ರಿ?"

"ಗಾಂಧಿ ಬಜಾರು. ಎರಡು ತಗೊಂಡ್ರೆ ಚೌಕಾಸಿ ಮಾಡಬಹುದು" ಅಂದೆ.